ಎರಡೂ ಮುಕ್ಕಾಲು ಅಂಗುಲದ ದಾರಿ

ಭೂಗೋಳದ ಮೇಷ್ಟರಾದವರು ಶಕುನ, ದೆವ್ವ, ಗಾಳಿ ಇವುಗಳನ್ನು ನಂಬಬಾರದು ಎಂದು ಎಲ್ಲೂ ಬರೆದಿಲ್ಲ. ನನ್ನ ಜೊತೆಯ ಮೇಷ್ಟರುಗಳಲ್ಲೇ ಬೆಕ್ಕು ಅಡ್ಡ ಬಂದರೆ ಸೈಕಲ್ಲಿನಿಂದ ಇಳಿದು ನಿಲ್ಲುವವರು ಇದ್ದರು. ನಾನು ಮಾತ್ರ ನಂಬುತ್ತಿರಲಿಲ್ಲ. ನಂಬದವನು ಸುಮ್ಮನಾದರೂ ಇರಬಹುದಿತ್ತು. ನನ್ನಿಂದ ಅದೂ ಆಗುತ್ತಿರಲಿಲ್ಲ. ನಂಬುವವರನ್ನು ಹಿಡಿದು ಕೂರಿಸಿ, ಅವರ ಬಾಯಿಂದಲೇ ತಪ್ಪಾಯಿತು ಅನ್ನಿಸುವವರೆಗೆ ಬಿಡುತ್ತಿರಲಿಲ್ಲ. ಈಗ ನಾನು ಬರೆಯಹೊರಟಿರುವುದನ್ನು ಆ ದಿನಗಳಲ್ಲಿ ಯಾರಾದರೂ ಬಂದು ನನಗೆ ಹೇಳಿದ್ದರೆ ಅವರಿಗೂ ಅದೇ ಗತಿಯಾಗುತ್ತಿತ್ತು. ಆದ್ದರಿಂದ ನೀವು ನಂಬದೆ ಹೋದರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಮೈಸೂರಿನ ವಿದ್ಯಾರಣ್ಯಪುರದಲ್ಲಿ, ಈಗಲೂ ಇರುವ ಇದೇ ಹೆಂಚಿನ ಮನೆಯಲ್ಲಿ ನಾವು ಇದ್ದೆವು. ನಾವು ಎಂದರೆ ನಾನು, ನನ್ನ ಹೆಂಡತಿ ಸರೋಜ, ನಮ್ಮ ಅವ್ವ. ಅವ್ವ ನಂಜನಗೂಡಿನ ಕಡೆಯ ಹಳ್ಳಿಯವಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆ ಬಂದು ಇದ್ದಳು. ಅಕ್ಷರ ಬಾರದು. ಆದರೆ ಹಳ್ಳಿಯಿಂದ ಬರುವಾಗ ತನ್ನ ಟ್ರಂಕಿನ ಜೊತೆ ನೂರೆಂಟು ಕಟ್ಟುಪಾಡುಗಳನ್ನೂ ತಂದಿದ್ದಳು. ಮಂಗಳವಾರ ಇದು ಮಾಡಬಾರದು, ಹೊತ್ತು ಮುಳುಗಿದ ಮೇಲೆ ಅದು ಮುಟ್ಟಬಾರದು. ಅವುಗಳಲ್ಲಿ ಬಹಳ ಗಟ್ಟಿಯಾದದ್ದು ಒಂದಿತ್ತು. ಮನೆಯಿಂದ ಯಾರಾದರೂ ದೂರದ ಊರಿಗೆ ಹೊರಟರೆ, ಅವರು ಹೋಗಿ ಸೇರುವವರೆಗೆ ಮನೆಯ ಕಸ ಗುಡಿಸುವಂತಿಲ್ಲ. ಗುಡಿಸಿದರೆ ದಾರಿಯಲ್ಲಿರುವವರನ್ನು ಗುಡಿಸಿ ಹಾಕಿದ ಹಾಗೆ. ನಾನು ಪರೀಕ್ಷೆಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ಅವ್ವ ರೈಲು ಮುಟ್ಟುವ ಹೊತ್ತನ್ನು ಪಕ್ಕದ ಮನೆಯವರ ಹತ್ತಿರ ಕೇಳಿ ತಿಳಿದುಕೊಂಡು, ಆಮೇಲೆಯೇ ಪೊರಕೆ ಹಿಡಿಯುತ್ತಿದ್ದಳು. ಬೆಂಗಳೂರಿಗಾದರೆ ಮೂರು ನಾಲ್ಕು ಗಂಟೆ. ಯಾರಿಗೂ ತೊಂದರೆಯಿರಲಿಲ್ಲ.

ತೊಂದರೆ ಬಂದದ್ದು ನನ್ನ ತಂಗಿ ಜಯಳ ಪ್ರಯಾಣದಲ್ಲಿ. ಜಯಳ ಗಂಡ ಸಿಂಗಾಪುರದ ಬಂದರಿನ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದ. ಮೊದಲ ಹೆರಿಗೆಗೆಂದು ಅವಳು ಹಡಗಿನಲ್ಲಿ ಬಂದು ನಮ್ಮ ಮನೆಯಲ್ಲಿದ್ದಳು. ಹೆಣ್ಣು ಮಗು ಹುಟ್ಟಿತು. ಗೌರಿ ಎಂದು ಹೆಸರಿಟ್ಟೆವು. ಮಗುವಿಗೆ ಎಂಟು ತಿಂಗಳು ತುಂಬಿದಾಗ ಅವಳ ಗಂಡನ ಕಾಗದ ಬಂತು. ಎಳೆಗೂಸನ್ನು ಕಟ್ಟಿಕೊಂಡು ವಾರಗಟ್ಟಲೆ ಹಡಗಿನಲ್ಲಿ ಬರುವುದು ಬೇಡ, ಮದರಾಸಿನಿಂದ ವಿಮಾನದಲ್ಲಿ ಬರಲಿ, ಬೆಳಿಗ್ಗೆ ಎಂಟೂವರೆಗೆ ಹೊರಡುವ ವಿಮಾನಕ್ಕೆ ಟಿಕೆಟ್ಟಿನ ಏರ್ಪಾಟಾಗಿದೆ, ಊರಿನಲ್ಲಿರುವ ತನ್ನ ಅಣ್ಣ ಮದರಾಸಿನವರೆಗೆ ಜೊತೆಗೆ ಬಂದು ಹತ್ತಿಸುತ್ತಾನೆ ಎಂದು ಬರೆದಿದ್ದ. ಆ ವಿಮಾನ ಗಂಟೆಗೆ ಮುನ್ನೂರು ಮೈಲಿ ಓಡುತ್ತದೆ, ಸಿಂಗಾಪುರದ ಗಡಿಯಾರ ನಮ್ಮದಕ್ಕಿಂತ ಎರಡು ಗಂಟೆ ಮುಂದಿದೆ ಎಂದೂ ನನಗಾಗಿ ಎರಡು ಸಾಲು ಸೇರಿಸಿದ್ದ. ಭೂಗೋಳದ ಮೇಷ್ಟರಿಗೆ ಇದರಲ್ಲಿ ಆಸಕ್ತಿಯಿರಬಹುದು ಎಂದುಕೊಂಡಿದ್ದ. ಆ ಎರಡು ಸಾಲು ಬರೆಯದೆ ಇದ್ದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಅವ್ವ ಅದುವರೆಗೆ ವಿಮಾನವೆಂದು ಕಂಡಿದ್ದು ಕಡಕೊಳದ ಕಡೆಯ ಬಯಲಿಗೆ ಇಳಿಯಲು ನಮ್ಮ ಹೆಂಚಿನ ಮೇಲೆ ಹಾದುಹೋದ ಒಂದೆರಡು ಸಣ್ಣ ವಿಮಾನಗಳನ್ನು ಮಾತ್ರ. ಜಯ ಅದರಲ್ಲಿ ಕೂತು ಸಮುದ್ರ ದಾಟುತ್ತಾಳೆ ಎಂದಾಗ ಅವಳು ಅಳಲಿಲ್ಲ, ಬೇಡ ಎನ್ನಲಿಲ್ಲ. ಎರಡೇ ಮಾತು ಕೇಳಿದಳು. "ನಡುವೆ ಎಲ್ಲೂ ನಿಲ್ಸಾಕಿಲ್ವಾ?" ಇಲ್ಲ ಎಂದೆ. "ಕೆಳೀಕೆ ಬರೀ ನೀರೇಯಾ?" ಹೌದು ಎಂದೆ.

ಭಾನುವಾರ ಮಧ್ಯಾಹ್ನದ ರೈಲಿಗೆ ಜಯ, ಮಗು, ಜಯಳ ಭಾವ ಮೂವರೂ ಹೊರಟರು. ಸೋಮವಾರ ಮದರಾಸಿನಲ್ಲಿ ನೆಂಟರ ಮನೆಯಲ್ಲಿದ್ದು, ಮಂಗಳವಾರ ಬೆಳಿಗ್ಗೆ ವಿಮಾನ ಹತ್ತುವುದು. ಎಂದರೆ ಭಾನುವಾರ ಮಧ್ಯಾಹ್ನದಿಂದ ಮಂಗಳವಾರದವರೆಗೆ ನಮ್ಮ ಮನೆಗೆ ಪೊರಕೆ ಇಲ್ಲ. ಮೇ ತಿಂಗಳು. ಬೀದಿಯ ಧೂಳೆಲ್ಲ ನಡುಮನೆಗೆ ಬರುವ ಕಾಲ. ಹೊರಡುವ ದಿನ ಮಗುವಿನ ಕೈಗೆ ಕೊಟ್ಟಿದ್ದ ಪುರಿ, ಬೆಲ್ಲದ ಚೂರು ನೆಲದ ತುಂಬ ಚೆಲ್ಲಿತ್ತು. ಸೋಮವಾರ ಬೆಳಿಗ್ಗೆಗೆ ಇರುವೆಗಳು ಬಂದವು. ಸಂಜೆಯ ಹೊತ್ತಿಗೆ ಗೋಡೆಯಿಂದ ಅವ್ವನ ಹಾಸಿಗೆಯವರೆಗೆ ಸಾಲು ಕಟ್ಟಿದವು. ಸರೋಜ ಅತ್ತೆಯ ಮಾತು ಮೀರುವವಳಲ್ಲ. ಆದರೂ ಅಡಿಗೆಮನೆಯಿಂದ ಬಂದು ನನ್ನ ಕಿವಿಯ ಹತ್ತಿರ, "ಇದೇನ್ರೀ, ಮನೇನೋ ಹುತ್ತಾನೋ? ನೀವಾದ್ರೂ ಒಂದ್ಮಾತು ಹೇಳಿ" ಎಂದಳು. ನನಗೆ ಅಷ್ಟೇ ಸಾಕಿತ್ತು.

ಇನ್ನೊಂದು ವಿಷಯ ಹೇಳಿಬಿಡಬೇಕು. ನಡುಮನೆಯ ತೊಲೆಗೆ ಮಗುವಿನ ತೊಟ್ಟಿಲು ತೂಗುಹಾಕಿತ್ತು. ಮರದ ತೊಟ್ಟಿಲು, ನಾಲ್ಕು ಕಬ್ಬಿಣದ ಸರಪಳಿ, ಸುತ್ತ ಗೇಣುದ್ದದ ಅಂಚು. ಅವರು ಹೊರಟ ಮೇಲೆ ಅದನ್ನು ಇಳಿಸೋಣ ಎಂದರೆ ಅವ್ವ ಬೇಡವೆಂದಳು. ತೊಟ್ಟಿಲು ಬರಿದಾಗಿರಲೂ ಬಾರದಂತೆ. ಖಾರ ಅರೆಯುವ ಕಲ್ಲಿನ ಗುಂಡನ್ನು ತಂದು, ಮಗುವಿನ ಹಳೆಯ ಬಟ್ಟೆಯಲ್ಲಿ ಸುತ್ತಿ, ತೊಟ್ಟಿಲಿನಲ್ಲಿ ಮಲಗಿಸಿದಳು. ನಮ್ಮ ಕಡೆ ಹೆಸರಿಡುವ ದಿನ ಮಗುವಿಗಿಂತ ಮೊದಲು ಗುಂಡನ್ನು ತೊಟ್ಟಿಲಿಗೆ ಹಾಕುವ ಪದ್ಧತಿಯುಂಟು. ಅದೇ ಲೆಕ್ಕದಲ್ಲಿ ಹೀಗೂ ಮಾಡುತ್ತಾರೋ ಅಥವಾ ಅವ್ವ ತಾನೇ ಯೋಚಿಸಿ ಮಾಡಿದಳೋ ನನಗೆ ಗೊತ್ತಿಲ್ಲ. ಎರಡು ಕೈಯಲ್ಲಿ ಎತ್ತಬೇಕಾದಂಥ ಭಾರದ ಕಲ್ಲು. ಫ್ಯಾನು ನಮ್ಮ ಮನೆಯಲ್ಲಿ ಇರಲಿಲ್ಲ. ಇದ್ದು ತಿರುಗಿದ್ದರೂ ಆ ತೊಟ್ಟಿಲು ಅಲುಗುತ್ತಿರಲಿಲ್ಲ.

ಸೋಮವಾರ ಸಂಜೆ ನಾನು ಶಾಲೆಯಲ್ಲಿ ಪಾಠಕ್ಕಿಡುವ ಭೂಮಿಯ ಗೋಳವನ್ನು ತೆಗೆದು ನಡುಮನೆಯಲ್ಲಿಟ್ಟುಕೊಂಡು ಕೂತೆ. ರಜೆಯಲ್ಲಿ ಬಣ್ಣ ಹಚ್ಚಿಸಿ ತರುತ್ತೇನೆಂದು ಹೆಡ್‌ಮಾಸ್ತರರನ್ನು ಕೇಳಿ ಮನೆಗೆ ತಂದಿದ್ದೆ. ಅಡ್ಡಳತೆ ಒಂದು ಅಡಿ. ಅದರ ಮೇಲೆ ಒಂದು ಅಂಗುಲಕ್ಕೆ ಆರುನೂರ ಅರವತ್ತು ಮೈಲಿ. ಹೂವು ಕಟ್ಟಲು ನೆನೆಸಿಟ್ಟಿದ್ದ ಬಾಳೆನಾರಿನ ಒಂದು ಎಳೆಯನ್ನು ಅವ್ವನಿಂದಲೇ ಕೇಳಿ ತೆಗೆದುಕೊಂಡೆ. ಒಂದು ತುದಿಯನ್ನು ಮದರಾಸಿನ ಮೇಲೆ ಒತ್ತಿ ಹಿಡಿದು, ಬಂಗಾಳ ಕೊಲ್ಲಿಯ ಮೇಲೆ ಬಿಗಿಯಾಗಿ ಎಳೆದು, ಇನ್ನೊಂದು ತುದಿಯನ್ನು ಸಿಂಗಾಪುರಕ್ಕೆ ಮುಟ್ಟಿಸಿದೆ. ಅಲ್ಲಿಗೆ ಉಗುರಿನಿಂದ ಗುರುತು ಮಾಡಿ ಅಳತೆಪಟ್ಟಿಯ ಮೇಲಿಟ್ಟರೆ ಎರಡೂ ಮುಕ್ಕಾಲು ಅಂಗುಲ.

"ಇಷ್ಟೇಯಾ ದಾರಿ?" ಎಂದಳು ಅವ್ವ, ಆ ನಾರನ್ನು ತನ್ನ ಬೆರಳಿಗೆ ಸುತ್ತಿಕೊಂಡು.

"ಇಷ್ಟೇ. ಸಾವಿರದ ಎಂಟುನೂರು ಮೈಲಿ. ಗಂಟೆಗೆ ಮುನ್ನೂರರ ಹಾಗೆ ಆರು ಗಂಟೆ."

ಇಲ್ಲಿಯವರೆಗೆ ಸರಿಯಾಗಿತ್ತು. ಬೆಳಿಗ್ಗೆ ಎಂಟೂವರೆಗೆ ಹೊರಟು ಆರು ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡೂವರೆಗೆ ತಲುಪಬೇಕು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ತಿಳಿದವನಿಗೆ ತಾನು ತಿಳಿದವನೆಂದು ತೋರಿಸುವ ಚಟ. ಸಿಂಗಾಪುರ ಪೂರ್ವಕ್ಕಿದೆ, ಅಲ್ಲಿ ಹೊತ್ತು ನಮಗಿಂತ ಮುಂಚೆ ಹುಟ್ಟುತ್ತದೆ, ಅವರ ಗಡಿಯಾರ ಎರಡು ಗಂಟೆ ಮುಂದೆ, ಆದ್ದರಿಂದ ಎರಡೂವರೆಯಲ್ಲಿ ಎರಡು ಗಂಟೆ ಕಳೆಯಬೇಕು, ನಮ್ಮ ಲೆಕ್ಕದಲ್ಲಿ ಹನ್ನೆರಡೂವರೆಗೇ ತಲುಪುತ್ತಾಳೆ ಎಂದು ಠೀವಿಯಿಂದ ಹೇಳಿದೆ. ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದು, ತಪ್ಪಿದ ಹುಡುಗರ ಕಿವಿ ಹಿಂಡುತ್ತಿದ್ದ ಲೆಕ್ಕ. ಆ ಹೊತ್ತು ನನಗೇ ತಪ್ಪಿತು. ಇಲ್ಲಿಯ ಗಡಿಯಾರದ ಸಮಯದಿಂದ ಕಳೆಯುವುದು ಏನೂ ಇರಲಿಲ್ಲ.

ಅವ್ವ ನಾರನ್ನು ಮತ್ತೆ ಗೋಳದ ಮೇಲೆ ಎಳೆದು ನೋಡಿದಳು. "ಅಲ್ಲ ಕಣ್ಲಾ, ಅಲ್ಲಿ ಹೊತ್ತು ಬ್ಯಾಗ ಹುಟ್ಟುದ್ರೆ ದಾರಿ ಯಾಕೆ ಕಮ್ಮಿ ಆಯ್ತದೆ?" ಎಂದಳು.

ಅಕ್ಷರ ಬಾರದ ಹೆಂಗಸು ನನ್ನ ತಪ್ಪಿನ ಮೇಲೇ ಬೆರಳಿಟ್ಟಿದ್ದಳು. ನಾನು ನಕ್ಕುಬಿಟ್ಟೆ. "ನಿನಗೆ ಇದೆಲ್ಲ ತಿಳಿಯೋದಿಲ್ಲ, ಸುಮ್ಮನಿರವ್ವ. ನಾಳೆ ಹನ್ನೆರಡೂವರೆಗೆ ಮನೆ ಗುಡಿಸೋದೇ" ಎಂದೆ.

ಮಂಗಳವಾರ ಹನ್ನೊಂದರ ಸುಮಾರಿಗೆ ಮದರಾಸಿನಿಂದ ಜಯಳ ಭಾವನ ತಂತಿ ಬಂತು. ವಿಮಾನ ಸಮಯಕ್ಕೆ ಸರಿಯಾಗಿ ಹೊರಟಿದೆ ಎಂದಿತ್ತು. ಓದಿ ಹೇಳಿದೆ. ಅವ್ವ ಹೋಗಿ ತೊಟ್ಟಿಲಿಗೆ ಎದುರಾಗಿ ಆಚೆಯ ಗೋಡೆಗೊರಗಿ ಕೂತಳು. ಬೆಳಿಗ್ಗೆಯಿಂದ ಒಂದು ಲೋಟ ಕಾಫಿ ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಹೊರಗೆ ಸುಡು ಬಿಸಿಲು. ಗಾಳಿ ಎಂಬುದು ಹೆಸರಿಗೂ ಇರಲಿಲ್ಲ. ಬಾಗಿಲಿನ ಪರದೆ ಗೋಡೆಗೆ ಬರೆದ ಚಿತ್ರದ ಹಾಗೆ ನಿಂತಿತ್ತು. ಈ ಮಾತನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ.

ಗೋಡೆಯ ಗಡಿಯಾರ ಹನ್ನೆರಡೂವರೆ ಹೊಡೆಯಿತು. "ತಲುಪಿದಳು. ಸರೋಜಾ, ಪೊರಕೆ ತಗೋ" ಎಂದೆ. ಸರೋಜ ಅತ್ತೆಯ ಮುಖ ನೋಡಿದಳು, ಕದಲಲಿಲ್ಲ. ಅವ್ವ, "ಸಾಯಂಕಾಲಗಂಟ ಇರ್ಲಿ ಬುಡು ಮಗ" ಎಂದಳು. ಬೇಡಿಕೊಳ್ಳುವ ದನಿ ಅದು. ನನಗೆ ಅದನ್ನು ಕೇಳಿ ಕರಗುವ ಬದಲು ರೇಗಿಹೋಯಿತು. ಬಾಗಿಲ ಮೂಲೆಯಲ್ಲಿದ್ದ ಪೊರಕೆಯನ್ನು ನಾನೇ ತೆಗೆದುಕೊಂಡೆ. ಮದುವೆಯಾದ ಮೇಲೆ ಆ ಮನೆಯಲ್ಲಿ ನಾನು ಪೊರಕೆ ಮುಟ್ಟಿದ್ದು ಅದೇ ಮೊದಲು.

ಕಿಟಕಿಯ ಕೆಳಗಿನಿಂದ ಶುರು ಮಾಡಿದೆ. ನಾಲ್ಕು ಸಲ ಬೀಸಿರಬೇಕು. ಹಿಂದಿನಿಂದ ಕಿರ್ ಎಂದು ಸರಪಳಿಯ ಸದ್ದಾಯಿತು. ತಿರುಗಿ ನೋಡಿದೆ. ತೊಟ್ಟಿಲು ಅಲುಗುತ್ತಿತ್ತು. ತೂಗಿದ ಹಾಗೆ ಅತ್ತ ಇತ್ತ ಅಲ್ಲ. ಯಾರೋ ಅಡಿಯಿಂದ ಎತ್ತಿ ಕೈಬಿಟ್ಟ ಹಾಗೆ, ಮೇಲೆ ಕೆಳಗೆ. ಸರಪಳಿ ಒಂದು ಕ್ಷಣ ಸಡಿಲವಾಗಿ ಮತ್ತೆ ಬಿಗಿದದ್ದನ್ನು ನಾನು ಕಣ್ಣಾರೆ ಕಂಡೆ. ಅವ್ವನ ಕೈ ತೊಟ್ಟಿಲಿಗೆ ತಗುಲಿರಬೇಕು ಎಂದುಕೊಂಡೆ. ಅವಳು ಮೂರು ಮಾರು ದೂರದಲ್ಲಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಪೊರಕೆ ನಿಲ್ಲಿಸಿದೆ. ತೊಟ್ಟಿಲೂ ನಿಂತಿತು.

ಇಲಿ ಇರಬಹುದು ಎಂದು ಸ್ಟೂಲು ಹತ್ತಿ ತೊಲೆಯ ಮೇಲೆ ನೋಡಿದೆ. ಇಲಿ ಇರಲಿಲ್ಲ. ಕೊಕ್ಕೆ ಅಲುಗಾಡಿಸಿದೆ, ಭದ್ರವಾಗಿತ್ತು. ತೊಟ್ಟಿಲಿನೊಳಗೆ ಬಟ್ಟೆ ಸುತ್ತಿದ ಗುಂಡು ಹಾಗೇ ಮಲಗಿತ್ತು. ನೆಲದ ಹಲಗೆಯ ಮೇಲೆ ಕಾಲಿಟ್ಟದ್ದರಿಂದ ಹೀಗಾಯಿತು ಎನ್ನೋಣವೆಂದರೆ ನಮ್ಮದು ಗಾರೆ ಹಾಕಿದ ಕೆಂಪು ನೆಲ. ಈ ಸಲ ಬೇಕೆಂದೇ ದೂರ ಹೋದೆ. ಹಜಾರದ ಬಾಗಿಲ ಹತ್ತಿರ, ತೊಟ್ಟಿಲಿಗೆ ಬೆನ್ನು ಹಾಕಿ, ಎರಡು ಸಲ ಗುಡಿಸಿದೆ. ಮತ್ತೆ ಅದೇ ಸದ್ದು, ಮೊದಲಿಗಿಂತ ಜೋರಾಗಿ. ಸರೋಜ "ಅಯ್ಯೋ, ನೋಡ್ರೀ" ಎಂದು ಅಡಿಗೆಮನೆಯ ಬಾಗಿಲನ್ನು ಹಿಡಿದುಕೊಂಡಳು. ಅವಳ ಕಣ್ಣಿಗೂ ಬಿದ್ದಿತ್ತು. ನಾನು ಕೈ ತಡೆದೆ. ತೊಟ್ಟಿಲು ಎರಡು ಸಲ ನಡುಗಿ ಸುಮ್ಮನಾಯಿತು.

"ಬುಟ್ಬುಡ್ಲಾ ಮಗ. ಪೊರಕೆ ಕೆಳೀಕೆ ಇಡು" ಎಂದಳು ಅವ್ವ.

ಇಡಬೇಕಿತ್ತು. ಮೂರ್ಖನಾದವನೂ ಇಡುತ್ತಿದ್ದ. ಆದರೆ ನಾನು ಪಾಠ ಹೇಳುವವನಲ್ಲವೇ. ಒಂದು ಸಲ ಆದರೆ ಅದು ಏನೋ ಒಂದು, ಎರಡು ಸಲ ಆದರೆ ಕಾಕತಾಳೀಯ, ಮೂರನೆಯ ಸಲವೂ ಆದರೆ ಮಾತ್ರ ಕಾರಣ ಹುಡುಕಬೇಕು ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಮೂರನೆಯ ಸಲ ಏನೂ ಆಗುವುದಿಲ್ಲ, ಇವರಿಬ್ಬರ ಮುಂದೆಯೇ ಇದನ್ನು ಮುಗಿಸಿಬಿಡುತ್ತೇನೆ ಎಂಬ ಹಟ ಬಂತು. ತೊಟ್ಟಿಲಿಗೆ ಎದುರಾಗಿ ನಿಂತೆ. ಕಣ್ಣನ್ನು ಅದರ ಮೇಲೇ ಇಟ್ಟು ಪೊರಕೆ ಎತ್ತಿದೆ.

"ಬ್ಯಾಡ ಕಣ್ಲಾ!" ಅವ್ವ ಕೂಗಿದಳು. "ಕೂಸು ಅದೆ ಕಣ್ಲಾ ಅದ್ರೊಳಗೆ!"

ನಾನು ಗುಡಿಸಿದೆ. ಒಂದೇ ಸಲ, ಉದ್ದಕ್ಕೆ, ಗೋಡೆಯಿಂದ ಗೋಡೆಗೆ.

ತೊಟ್ಟಿಲು ಮೊದಲು ಮೇಲೆದ್ದಿತು. ನಾಲ್ಕೂ ಸರಪಳಿ ಸಡಿಲವಾಗಿ ಜೋತುಬಿದ್ದವು. ಆಮೇಲೆ ಅಡಿಯ ಆಧಾರ ತಪ್ಪಿದ ಹಾಗೆ ಅದು ಕೆಳಗೆ ಬಿತ್ತು, ಸರಪಳಿ ಬಿಗಿದು ಒಂದು ಬದಿಗೆ ವಾಲಿತು. ಗುಂಡು ಅಂಚನ್ನು ದಾಟಿ ಹೊರಗೆ ಬಂದು ನೆಲಕ್ಕೆ ಬಿತ್ತು. ಆ ಸದ್ದು ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಕೇಳಿ ಎಚ್ಚರವಾಗುತ್ತದೆ. ಕೆಂಪು ನೆಲ ಒಡೆದು ಒಂದು ರೂಪಾಯಿಯಗಲ ಹಳ್ಳವಾಯಿತು. ಗುಂಡು ಉರುಳಿಕೊಂಡು ಬಂದು ನನ್ನ ಪಾದದ ಹತ್ತಿರ ನಿಂತಿತು. ಮಗುವಿನ ಬಟ್ಟೆ ಬಿಚ್ಚಿಹೋಗಿತ್ತು.

ಅವ್ವ ಎದ್ದು ಬಂದು ನನ್ನ ಕೈಯಿಂದ ಪೊರಕೆ ಕಿತ್ತುಕೊಂಡು ಮೂಲೆಗಿಟ್ಟಳು. ಗುಂಡನ್ನು ಎತ್ತಿ, ಸೆರಗಿನಿಂದ ಒರೆಸಿ, ಬಟ್ಟೆ ಸುತ್ತಿ, ಮತ್ತೆ ತೊಟ್ಟಿಲಿನಲ್ಲಿಟ್ಟಳು. ಎರಡು ಕೈಯಿಂದಲೂ ತೊಟ್ಟಿಲಿನ ಅಂಚನ್ನು ಹಿಡಿದು ನಿಂತುಬಿಟ್ಟಳು. ನಾನು ಗಡಿಯಾರ ನೋಡಿದೆ. ಹನ್ನೆರಡು ಮುಕ್ಕಾಲಕ್ಕೆ ಇನ್ನೂ ಎರಡು ನಿಮಿಷವಿತ್ತು.

ಲೆಕ್ಕದ ಹಾಳೆ ಗೋಳದ ಕೆಳಗೆ ಇತ್ತು. ಕೈಗೆ ಏನಾದರೂ ಕೆಲಸ ಬೇಕಾಗಿ ಅದನ್ನು ತೆಗೆದೆ. ನನ್ನದೇ ಅಕ್ಷರ. ಎಂಟೂವರೆ, ಆರು ಗಂಟೆ, ಎರಡೂವರೆ, ಅದರ ಕೆಳಗೆ ಕಳೆಯುವ ಗೀಟು ಮತ್ತು ಎರಡು. ಆ ಗೀಟನ್ನು ನೋಡುತ್ತಿದ್ದ ಹಾಗೆ ಅವ್ವ ಕೇಳಿದ ಪ್ರಶ್ನೆ ತಲೆಗೆ ಹೊಕ್ಕಿತು. ಅಲ್ಲಿ ಹೊತ್ತು ಬೇಗ ಹುಟ್ಟಿದರೆ ದಾರಿ ಯಾಕೆ ಕಡಿಮೆಯಾಗುತ್ತದೆ? ಆಗುವುದಿಲ್ಲ. ಜಯ ಇನ್ನೂ ತಲುಪಿರಲಿಲ್ಲ. ನಾನು ಗುಡಿಸುತ್ತಿದ್ದಾಗ ಅವಳು ಹೊರಟು ನಾಲ್ಕು ಗಂಟೆಯ ಮೇಲಾಗಿತ್ತು ಅಷ್ಟೆ. ಕೆಳಗೆ ಬರೀ ನೀರು, ಇನ್ನೂ ಎರಡು ಗಂಟೆಯ ದಾರಿ ಬಾಕಿ.

ಇದನ್ನು ಹೇಗೆ ಹೇಳಲಿ? ಆದರೂ ಹೇಳಿದೆ. "ಅವ್ವ, ಲೆಕ್ಕ ತಪ್ಪಿದೆ. ಎರಡೂವರೆಗೆ ಮುಟ್ಟೋದು." ಅವ್ವ ತೊಟ್ಟಿಲಿನ ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಆ ಎರಡು ಗಂಟೆ ಕಳೆದದ್ದು ಹೇಗೆಂದು ಕೇಳಬೇಡಿ. ಸರೋಜ ದೇವರ ಮುಂದೆ ದೀಪ ಹಚ್ಚಿ ಕೂತಳು. ಅವ್ವ ನಿಂತ ಜಾಗದಿಂದ ಕದಲಲಿಲ್ಲ. ಇರುವೆಗಳು ಅವಳ ಪಾದದ ಮೇಲೆ ಹರಿಯುತ್ತಿದ್ದರೂ ಕಾಲೆತ್ತಲಿಲ್ಲ. ಕೂತುಕೋ ಎಂದು ಮಣೆ ತಂದಿಟ್ಟೆ, ಕೂರಲಿಲ್ಲ. ನಾನು ತೊಟ್ಟಿಲು ಹಿಡಿದುಕೊಳ್ಳುತ್ತೇನೆ ಬಿಡು ಎಂದೆ, ಬಿಡಲಿಲ್ಲ. ನಾನೊಬ್ಬ ಮಾಡಲು ಏನೂ ಇಲ್ಲದೆ ಹಜಾರದ ಮೆಟ್ಟಿಲ ಮೇಲೆ ಕೂತು ಆಕಾಶ ನೋಡುತ್ತಿದ್ದೆ. ಅಲ್ಲಿ ಒಂದು ಮೋಡವಿರಲಿಲ್ಲ. ಸಾವಿರಾರು ಮೈಲಿ ಆಚೆಯ ಆಕಾಶ ಹೇಗಿದೆಯೆಂದು ಇಲ್ಲಿಂದ ನೋಡುವ ಮನುಷ್ಯನನ್ನು ಹಿಂದಿನ ದಿನವಾಗಿದ್ದರೆ ನಾನೇ ಗೇಲಿ ಮಾಡುತ್ತಿದ್ದೆ.

ಎರಡೂವರೆಯಾಯಿತು, ಮೂರಾಯಿತು. ಗುಡಿಸುವ ಮಾತನ್ನು ಯಾರೂ ಎತ್ತಲಿಲ್ಲ. ಮಾರನೆಯ ದಿನ ಹತ್ತು ಗಂಟೆಗೆ ಅಂಚೆ ಕಚೇರಿಯವನ ಸೈಕಲ್ ಗಂಟೆ ಕೇಳಿದಾಗ ನಾನು ಬರಿಗಾಲಲ್ಲೇ ಬೀದಿಗೆ ಓಡಿದೆ. ತಾಯಿ ಮಗು ತಲುಪಿದ್ದಾರೆ ಎಂದಿತ್ತು ತಂತಿಯಲ್ಲಿ. ಓದಿ ಹೇಳಿದ ಕೂಡಲೇ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೂರು ದಿನದ ಕಸವನ್ನು ತಾನೇ ಗುಡಿಸಿ, ಮೊರಕ್ಕೆ ತುಂಬಿ, ಹೊರಗೆ ಹಾಕಿ ಬಂದಳು. ಒಂದು ಹನಿ ಕಣ್ಣೀರಿಲ್ಲ.

ಎರಡು ದಿನದಲ್ಲಿ ನಾನು ಮತ್ತೆ ಮೊದಲಿನವನಾದೆ. ಮೇ ತಿಂಗಳ ಕಾವಿಗೆ ತೊಲೆ ಹಿಗ್ಗಿರಬೇಕು, ಕೊಕ್ಕೆ ಜಾರಿರಬೇಕು ಎಂದು ಸರೋಜಳಿಗೆ ವಿವರಿಸಿದೆ. ಅವಳು ಹೂಂ ಎಂದಳು. ಎಲ್ಲರೂ ಅದನ್ನು ಮರೆಯುವ ಹಾಗಿದ್ದರು.

ಹತ್ತು ಹನ್ನೆರಡು ದಿನದ ಮೇಲೆ ಜಯಳ ಕಾಗದ ಬಂತು. ಅವ್ವನಿಗೆ ಕಾಗದ ಓದಿ ಹೇಳುವುದು ಎಂದಿನಂತೆ ನನ್ನ ಕೆಲಸ. ಅವಳು ಹೊಸಿಲ ಮೇಲೆ ಕೂತಳು, ನಾನು ಗಟ್ಟಿಯಾಗಿ ಓದತೊಡಗಿದೆ. ಮದರಾಸಿನ ಸೆಕೆ, ವಿಮಾನದ ಮೆತ್ತೆ ಕುರ್ಚಿ, ಕೊಟ್ಟ ಬಿಸ್ಕತ್ತು, ಎಲ್ಲ ಬರೆದಿದ್ದಳು. ಆಮೇಲಿನ ಸಾಲುಗಳು ಹೀಗಿದ್ದವು. ಊಟ ಕೊಟ್ಟ ಮೇಲೆ ದೊಡ್ಡ ಮೋಡ ಅಡ್ಡ ಬಂತು ಅಣ್ಣ, ವಿಮಾನ ಇದ್ದಕ್ಕಿದ್ದ ಹಾಗೆ ಕೆಳಗೆ ಬಿತ್ತು. ಮತ್ತೆ ಸರಿಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು, ಎಲ್ಲರೂ ಕೂಗಿಕೊಂಡರು.

ನಾನು ನಿಲ್ಲಿಸಿದೆ. ಮುಂದಿನ ಸಾಲು ಕಣ್ಣಿಗೆ ಬಿದ್ದಿತ್ತು. ಬಿಟ್ಟು ಓದಬಹುದಿತ್ತು, ಅವ್ವನಿಗೆ ಗೊತ್ತಾಗುತ್ತಿರಲಿಲ್ಲ.

"ಓದು" ಎಂದಳು ಅವ್ವ.

ಓದಿದೆ. ಮೂರನೆಯ ಸಲ ಬಾವಿಗೆ ಬಿಟ್ಟ ಹಾಗೆ ಬಿತ್ತು ಅಣ್ಣ, ಗೌರಿ ನನ್ನ ಕೈಯಿಂದ ಎಗರಿಹೋಗಿ ಮುಂದಿನ ಕುರ್ಚಿಯ ಕಂಬಿಗೆ ತಗುಲಿದಳು, ಎಡ ಹುಬ್ಬಿನ ಮೇಲೆ ಒಡೆದು ರಕ್ತ ಬಂತು, ಇಲ್ಲಿಗೆ ಬಂದ ಮೇಲೆ ಮೂರು ಹೊಲಿಗೆ ಹಾಕಿದರು, ಈಗ ಆಡಿಕೊಂಡಿದ್ದಾಳೆ, ಅವ್ವ ಹೆದರಬಾರದು. ನಾನು ಗಡಿಯಾರ ತಿರುಗಿಸಿರಲಿಲ್ಲ, ನಮ್ಮೂರ ಸಮಯವೇ ಇತ್ತು, ಹನ್ನೆರಡು ಮುಕ್ಕಾಲಾಗುತ್ತಿತ್ತು, ಅವ್ವ ಈಗ ಊಟಕ್ಕೆ ಕೂತಿರುತ್ತಾಳೆ ಎಂದು ಅಂಥ ಹೊತ್ತಿನಲ್ಲೂ ನೆನೆಸಿಕೊಂಡೆ.

ಕಾಗದ ಮಡಿಸಿ ಅವ್ವನ ಕೈಗೆ ಕೊಟ್ಟೆ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಎದುರು ವಾದಿಸುತ್ತಿದ್ದೆನೇನೋ, ನನಗೆ ಅದು ಬರುತ್ತದೆ. ಅವಳು ಮೆಲ್ಲಗೆ, "ಎಲ್ಡು ಸಲ ಗೊತ್ತಿಲ್ದೆ ಮಾಡ್ದೆ ಬುಡು. ಮೂರ್ನೇದು ಯಾಕ್ ಮಾಡ್ದ್ಯೋ ಮಗ?" ಎಂದಳು. ಅಷ್ಟೇ. ಅದರ ಮೇಲೆ ಆ ವಿಷಯವನ್ನು ನನ್ನ ಹತ್ತಿರವಾಗಲಿ ಬೇರೆಯವರ ಹತ್ತಿರವಾಗಲಿ ಒಂದು ದಿನವೂ ಎತ್ತಲಿಲ್ಲ. ಜಯಳಿಗೂ ಬರೆಸಲಿಲ್ಲ.

ಮಳೆಗಾಲಕ್ಕೆ ಮುಂಚೆ ಆ ಸಮುದ್ರದ ಮೇಲೆ ಮೋಡ ಏಳುತ್ತದೆ, ವಿಮಾನಗಳನ್ನು ಎತ್ತಿ ಹಾಕುತ್ತದೆ, ಇದು ನನಗೆ ಗೊತ್ತು, ಪಾಠವನ್ನೂ ಮಾಡಿದ್ದೇನೆ. ನಾನು ಗುಡಿಸಿದ್ದರಿಂದ ಮೋಡ ಎದ್ದಿತು ಎಂದು ಹೇಳುವಷ್ಟು ನನ್ನ ಬುದ್ಧಿ ಕೆಟ್ಟಿಲ್ಲ. ಹಾಗಾದರೆ ಗಾಳಿಯಿಲ್ಲದ ಮನೆಯಲ್ಲಿ, ಅಷ್ಟು ಭಾರದ ಕಲ್ಲು ಹೊತ್ತ ತೊಟ್ಟಿಲು ಯಾಕೆ ಎದ್ದಿತು? ನಾನು ನಿಲ್ಲಿಸಿದಾಗ ಯಾಕೆ ನಿಂತಿತು? ನಮ್ಮ ಬೀದಿಯಲ್ಲಿ ಲಾರಿ ಹೋಗಿದ್ದರೆ ಎನ್ನೋಣ, ಆಗ ಅಲ್ಲಿ ಎತ್ತಿನ ಗಾಡಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಮೂವರೂ ಭ್ರಮೆಪಟ್ಟೆವು ಎಂದರೆ ನೆಲದ ಹಳ್ಳಕ್ಕೆ ಏನು ಹೇಳುವುದು? ಹದಿನಾಲ್ಕು ವರ್ಷದಲ್ಲಿ ಆ ತೊಲೆಯ ಕೆಳಗೆ ಕೂತು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಇನ್ನೂ ಒಂದು ಸರಿಯಾದ ಉತ್ತರ ಸಿಕ್ಕಿಲ್ಲ.

ಈ ಬೇಸಿಗೆಗೆ ಜಯ ಮಗಳನ್ನು ಕರೆದುಕೊಂಡು ಬಂದಿದ್ದಳು. ಗೌರಿಗೆ ಈಗ ಹದಿನೈದು ತುಂಬುತ್ತಿದೆ. ಎಡ ಹುಬ್ಬಿನ ನಡುವೆ ಕೂದಲು ಬಾರದ ಒಂದು ಬಿಳಿಯ ಗೆರೆ. ಕನ್ನಡಿಯ ಮುಂದೆ ನಿಂತು ಅದಕ್ಕೆ ಕಾಡಿಗೆ ತೀಡಿ ಮುಚ್ಚುತ್ತಾಳೆ. ಒಂದು ಮಧ್ಯಾಹ್ನ ಸೆಕೆ ತಾಳದೆ ನಡುಮನೆಯ ಬರಿ ನೆಲದ ಮೇಲೆ ಮಲಗಿದ್ದಳು. ಕಣ್ಣು ಮಂಜಾದ ಅವ್ವ ಮಂಚದ ಮೇಲೆ ಕೂತಿದ್ದಳು. ಜಯ, ಸರೋಜ ಇಬ್ಬರೂ ಪೇಟೆಗೆ ಹೋಗಿದ್ದರು. ನಾನು ಪತ್ರಿಕೆ ಓದುತ್ತಿದ್ದೆ. ಗೌರಿಯ ಬೆರಳು ನೆಲದ ಮೇಲೆ ಆಡುತ್ತ ಆಡುತ್ತ ಆ ಹಳ್ಳಕ್ಕೆ ಬಂತು. ಬೆರಳನ್ನು ಅದರೊಳಗೆ ತಿರುವುತ್ತ, "ಮಾವ, ಇಷ್ಟು ನುಣುಪಾದ ನೆಲದಲ್ಲಿ ಇದೊಂದು ಗುಂಡಿ ಹೆಂಗಾಯ್ತು? ಯಾರು ಏನು ಬೀಳಿಸಿದ್ರು?" ಎಂದು ಕೇಳಿದಳು.

ಪತ್ರಿಕೆಯನ್ನು ಮುಖದಿಂದ ಇಳಿಸಲಾರದೆ ಹೋದೆ. ಹೇಳಿಬಿಡೋಣ ಎನ್ನಿಸಿತು. ಹೇಳಿದರೆ ಆ ಹುಡುಗಿ ನಗುತ್ತಿದ್ದಳು, ಅಷ್ಟೇ ತಾನೆ. ನಗುವ ವಯಸ್ಸು ಅವಳದು, ನಾನೂ ಒಂದು ಕಾಲದಲ್ಲಿ ನಕ್ಕವನೇ. ಬಾಯಿ ತೆರೆಯುವಷ್ಟರಲ್ಲಿ ಮಂಚದ ಮೇಲಿನಿಂದ ಅವ್ವನ ದನಿ ಬಂತು.

"ಅದಾ? ಅದು ನನ್ ಕೈಯಿಂದ್ಲೇ ಆಗಿದ್ದು ಕಣವ್ವ. ಖಾರ ಅರಿಯೋ ಗುಂಡು ಎತ್ಕೊಂಡು ಓಗ್ತಿದ್ದೆ, ಜಾರ್ಬುಡ್ತು."

ಅವ್ವ ಸುಳ್ಳು ಹೇಳಿದ್ದನ್ನು ನನ್ನ ಜೀವಮಾನದಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಗೌರಿ "ಅಯ್ಯೋ ಅಜ್ಜಿ, ಕಾಲ ಮೇಲೆ ಬಿದ್ದಿದ್ರೆ!" ಎಂದು ಮಗ್ಗುಲು ಬದಲಿಸಿ ಮಲಗಿದಳು. ನಾನು ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂತಿದ್ದೆ.

ಅವರು ಮೊನ್ನೆ ಹೊರಟರು. ಇವತ್ತು ಬೆಳಿಗ್ಗೆ ಮದರಾಸಿನಿಂದ ವಿಮಾನ. ಈಗಿನ ದೊಡ್ಡ ವಿಮಾನಗಳಿಗೆ ಅದೇ ದಾರಿಗೆ ನಾಲ್ಕು ಗಂಟೆ ಸಾಕು ಎಂದು ಗೌರಿ ಹೇಳುತ್ತಿದ್ದಳು. ಎಷ್ಟು ಮೈಲಿಯಾಗುತ್ತದೆ, ನಮ್ಮ ಗಡಿಯಾರದಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತೇವೆ, ನೀವು ಭೂಗೋಳದ ಮೇಷ್ಟರಲ್ಲವೇ, ಲೆಕ್ಕ ಹಾಕಿ ಹೇಳಿ ಮಾವ ಎಂದಳು. ಶಾಲೆಗೆ ಹೊಸದು ಬಂದಾಗ ನಾನು ಕೇಳಿ ತಂದಿಟ್ಟುಕೊಂಡಿದ್ದ ಆ ಹಳೆಯ ಗೋಳ ಅಲ್ಲೇ ಅಲಮಾರಿನ ಮೇಲೆ ಇತ್ತು. ನನಗೆ ಬರುವುದಿಲ್ಲಮ್ಮ ಎಂದೆ. ಮನೆಯಲ್ಲಿ ಎರಡು ದಿನದ ಕಸ ಬಿದ್ದಿದೆ. ಇರುವೆ ಬರತೊಡಗಿವೆ. ತಂತಿ ಇನ್ನೂ ಬಂದಿಲ್ಲ.